ತುಂಬಿದ ಖಣಿಗಳ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರೆ,

ಪುಣೆಯ ರಾಮವಾಡಿಯಿಂದ ವಾಘೋಲಿಯ ವಿಠ್ಠಲವಾಡಿವರೆಗೆ ಮೆಟ್ರೊ ಮುಂದುವರಿಸಲು ಕೇಂದ್ರ ಸಚಿವ ಸಂಪುಟ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಾಂದಣಿ ಚೌಕದ ಕಡೆಯ ತುಂಡನ್ನೂ ಸೇರಿಸಿದರೆ 12.75 ಕಿ.ಮೀ., 13 ನಿಲ್ದಾಣ. ಖರಾಡಿ, ವಿಮಾನನಗರ, ಮಗರ್‌ಪಟ್ಟಾ ಕಡೆ ಕೆಲಸಕ್ಕೆ ಹೋಗಲು ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆ ಹೋಗುವ 'ನಗರ ರಸ್ತೆ'ಯಲ್ಲಿ ದಿನಾ ಸಿಕ್ಕಿಬೀಳುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಮೆಟ್ರೊ ಬರುತ್ತದಂತೆ ಅನ್ನುವ ಮಾತಿಗೇ ಜಾಗದ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ, ನಿನ್ನೆಯವರೆಗೆ ಯಾರೂ ತಿರುಗಿ ನೋಡದಿದ್ದ ಕಲ್ಲುಖಣಿಯ ಹೊಂಡಕ್ಕೂ ಗಿರಾಕಿ ಹುಟ್ಟುತ್ತಾನೆ. ಈ ಪತ್ರ ಆ ಹೊಂಡಗಳ ಬಗ್ಗೆ.

ವಾಘೋಲಿ, ಭಾವಡಿ, ಲೋಣಿಕಂದ ಸುತ್ತಿನ ಕಪ್ಪುಕಲ್ಲು ಪುಣೆಯ ರಸ್ತೆಗಳಿಗೂ ಸ್ಲ್ಯಾಬುಗಳಿಗೂ ದಶಕಗಳ ಕಾಲ ಖಡಿಯಾಗಿ (ಜಲ್ಲಿಯಾಗಿ) ಹೋಗಿದೆ. ಆ ಕಲ್ಲು ಒಡೆದವರಲ್ಲಿ ಸೊಲ್ಲಾಪುರ, ಕಲಬುರಗಿ, ವಿಜಯಪುರ ಕಡೆಯ ವಡ್ಡರ ಕುಟುಂಬಗಳೂ ಇದ್ದವು. ಖಣಿ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಕನ್ನಡ ಕೇಳಿಸುತ್ತಿತ್ತು, ಈಗಲೂ ಕೇಳಿಸುತ್ತದೆ. (ಜಗತ್ತಿನ ಖನಿಜ ಸಂಗ್ರಾಹಕರಿಗೆ ವಾಘೋಲಿ ಗೊತ್ತಿರುವುದು ಬೇರೆ ಕಾರಣಕ್ಕೆ. ಕ್ಯಾವನ್ಸೈಟ್ ಎಂಬ ಕಡುನೀಲಿ ಹರಳಿನ ಅತಿ ಚೆಂದದ ಮಾದರಿಗಳು ಸಿಕ್ಕಿದ್ದು ಇಲ್ಲಿನ ಖಣಿಗಳಲ್ಲೇ. ವಾಘೋಲಿಯಲ್ಲಿ ಮನೆ ಮಾಡಿದ ಹೆಚ್ಚಿನವರಿಗೆ ಇದು ಗೊತ್ತಿಲ್ಲ.) 2021ರ ಜೂನ್ ಕೊನೆಗೆ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ವಾಘೋಲಿಯೂ ಒಂದು. ಅಷ್ಟರಲ್ಲಾಗಲೇ ಅದು ಹಳ್ಳಿಯಾಗಿ ಉಳಿದಿರಲಿಲ್ಲ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಐಟಿ ನೌಕರರ ಊರಾಗಿತ್ತು, ಅದರಲ್ಲಿ ಕನ್ನಡಿಗರ ಸಂಖ್ಯೆ ಸಣ್ಣದೇನಲ್ಲ. ಸಾಲ ತೆಗೆದು ಫ್ಲಾಟ್ ಕೊಳ್ಳುವ ಇವರಲ್ಲಿ ಹೆಚ್ಚಿನವರಿಗೆ ತಮ್ಮ ಪಾರ್ಕಿಂಗಿನ ಕೆಳಗೆ ಮೊದಲು ಏನಿತ್ತು ಎಂಬುದು ತಿಳಿದಿರುವುದಿಲ್ಲ. ತಿಳಿಯಬೇಕೆಂದರೂ ಕೇಳಲು ಒಂದು ಕಚೇರಿ ಇಲ್ಲ. ಖಣಿ ಪರವಾನಿಗೆಯ ಕಡತ ಜಿಲ್ಲಾಧಿಕಾರಿ ಕಚೇರಿಯ ಗಣಿ ವಿಭಾಗದಲ್ಲಿ, ಹಳೆಯ ಕಟ್ಟಡ ಪರವಾನಿಗೆಗಳು ಗ್ರಾಮಪಂಚಾಯಿತಿ ಮತ್ತು ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಡೆ, ತೆರಿಗೆ ಪಾಲಿಕೆಗೆ, ನಕಾಶೆ ಭೂಮಾಪನ ಇಲಾಖೆಯಲ್ಲಿ. ಇನ್ನು ಹೊಂಡವನ್ನು ಯಾವಾಗ, ಯಾವುದರಿಂದ ತುಂಬಿದರು ಎಂಬುದು ಬಹುಪಾಲು ಎಲ್ಲೂ ದಾಖಲಾಗಿಲ್ಲ.

ನಮ್ಮ ಮುಖ್ಯ ಬೇಡಿಕೆ ಒಂದೇ. ಪ್ರತಿ ಗಟ್ ನಂಬರಿಗೂ (ನಮ್ಮ ಕಡೆಯ ಸರ್ವೆ ನಂಬರಿನಂಥದ್ದು) ಒಂದು ಖಣಿ ದಾಖಲೆ ಬೇಕು: ಇಲ್ಲಿ ಖಣಿ ಇತ್ತೆ, ಅದರ ಅಂಚು ಎಲ್ಲಿ, ಎಷ್ಟು ಆಳ, ಯಾವ ವರ್ಷ ನಿಂತಿತು, ಏನು ತುಂಬಿದರು, ಪದರಪದರವಾಗಿ ಕುಟ್ಟಿದರೆ ಅಥವಾ ಮೇಲಿಂದ ಸುರಿದುಬಿಟ್ಟರೆ. ಈ ದಾಖಲೆ 7/12ರ (ಮಹಾರಾಷ್ಟ್ರದ ಪಹಣಿ) ಜೊತೆಗೇ ಯಾರಿಗಾದರೂ ಸಿಗುವಂತಿರಬೇಕು.

ಇದು ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಡರ್ಹಮ್ ಕೌಂಟಿಯ ಕಲ್ಲಿದ್ದಲು ಹಳ್ಳಿಗಳನ್ನು ನೋಡಿ. 1951ರ ಜಿಲ್ಲಾ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು 'ಡಿ' ವರ್ಗಕ್ಕೆ ಹಾಕಿದ್ದರು. ಗಣಿ ಮುಗಿದ ಮೇಲೆ ಇವುಗಳಿಗೆ ಹೊಸ ಬಂಡವಾಳ ಹಾಕಬೇಕಿಲ್ಲ, ತಾವಾಗಿ ಕರಗಲಿ ಎಂದು. ಕೆಲವು ಕರಗಿದವು. ಹಲವು ಉಳಿದುಕೊಂಡು, ಇಂದು ಡರ್ಹಮ್, ನ್ಯೂಕಾಸಲ್ ಕಡೆ ಕೆಲಸಕ್ಕೆ ಹೋಗಿಬರುವವರ ವಸತಿಗಳಾಗಿವೆ. ಅಂಥ ಕಡೆ ಮನೆ ಕೊಳ್ಳುವವರ ವಕೀಲ ಹಣ ಕೈಬದಲಾಗುವ ಮುಂಚೆ ಕಲ್ಲಿದ್ದಲು ಗಣಿ ವರದಿಯೊಂದನ್ನು ತರಿಸುತ್ತಾನೆ. ಮನೆಯಡಿ ಹಳೆಯ ಸುರಂಗ ಇತ್ತೆ, ತೆರೆದ ಗಣಿ ಇತ್ತೆ, ನಿವೇಶನದ ಗಡಿಯಿಂದ 20 ಮೀಟರ್ ಒಳಗೆ ಗಣಿಬಾಯಿ ಇದೆಯೆ ಎಂದು ಅದರಲ್ಲಿ ಬರೆದಿರುತ್ತದೆ. 1994ರ ಕಲ್ಲಿದ್ದಲು ಕೈಗಾರಿಕೆ ಕಾಯ್ದೆಯಡಿ ಹುಟ್ಟಿದ ಪ್ರಾಧಿಕಾರವೊಂದು ಈ ದಾಖಲೆಗಳನ್ನೆಲ್ಲ ಒಂದೆಡೆ ಇಟ್ಟುಕೊಂಡಿದೆ. ಅಲ್ಲಿ ಸುರಂಗ, ಇಲ್ಲಿ ತೆರೆದ ಹೊಂಡ. ಅಪಾಯದ ಬಗೆ ಬೇರೆ. ಆದರೆ ಗಣಿ ನಿಂತ ಮೇಲೆ ದಾಖಲೆಗೆ ವಾರಸುದಾರರಿಲ್ಲದಂತಾಗಬಾರದು ಎಂಬ ತಿಳಿವಳಿಕೆ ಎರಡೂ ಕಡೆಗೆ ಒಪ್ಪುತ್ತದೆ.

ಹೊಂಡ ತುಂಬುವುದು ಅಂದರೆ ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಒಂದು ಲೆಕ್ಕ. ಒಂದು ಎಕರೆ ಅಂದರೆ 43,560 ಚದರಡಿ. ಅರವತ್ತು ಅಡಿ ಆಳ ಎಂದಿಟ್ಟುಕೊಂಡರೆ 26 ಲಕ್ಷ ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್, ಹಾಗಾಗಿ 26 ಸಾವಿರ ಬ್ರಾಸ್. ಐದು ಬ್ರಾಸಿನ ಹೈವಾ ಗಾಡಿಯಾದರೆ 5,200 ಟ್ರಿಪ್ಪು. ಇದನ್ನು ಸರಿಯಾಗಿ ತುಂಬಬೇಕೆಂದರೆ ಸುಮಾರು 300 ಮಿ.ಮೀ. ಪದರ ಹರಡಿ, ಹದಕ್ಕೆ ನೀರು ಹೊಡೆದು, ಹತ್ತು ಟನ್ನಿನ ವೈಬ್ರೇಟರಿ ರೋಲರನ್ನು ಆರೆಂಟು ಸಲ ಓಡಿಸಿ, ಸಾಂದ್ರತೆ ಪರೀಕ್ಷಿಸಿ, ಆಮೇಲೆ ಮುಂದಿನ ಪದರ. ಅರವತ್ತು ಅಡಿಗೆ ಅರವತ್ತೊಂದು ಪದರ. ಮಣ್ಣನ್ನು ಅಚ್ಚಿನಲ್ಲಿ ಕುಟ್ಟಿ ನೋಡುವ ಪ್ರಾಕ್ಟರ್ ಪರೀಕ್ಷೆಯಲ್ಲಿ ಬಂದ ಗರಿಷ್ಠ ಒಣ ಸಾಂದ್ರತೆಯ 95 ಪ್ರತಿಶತವಾದರೂ ಪ್ರತಿ ಪದರದಲ್ಲಿ ಸಿಗಬೇಕು. ನಾಲ್ಕೇ ವಾರದಲ್ಲಿ ಎಕರೆ ಹೊಂಡ ನೆಲಸಮವಾಯಿತು ಎಂದರೆ ಅಲ್ಲಿ ರೋಲರ್ ಇಳಿದಿಲ್ಲ ಎಂದೇ ತಿಳಿಯಬೇಕು.

ನಡೆಯುವುದೇನು? ಬೇರೆ ಸೈಟುಗಳಲ್ಲಿ ಬೇಸ್‌ಮೆಂಟಿಗೆ ತೋಡಿದ ಮುರುಮು (ಗರಸು), ಕರಿಮಣ್ಣು, ಒಡೆದ ಗೋಡೆಗಳ ಅವಶೇಷ, ದಪ್ಪ ಬಂಡೆ ಎಲ್ಲವನ್ನೂ ರಾತ್ರಿ ತಂದು ಅಂಚಿನಿಂದ ಕೆಳಕ್ಕೆ ಸುರಿಯುತ್ತಾರೆ. ದೊಡ್ಡ ಕಲ್ಲುಗಳು ಇಳಿಜಾರಲ್ಲಿ ಉರುಳಿ ತಳ ಸೇರುತ್ತವೆ, ಸಣ್ಣವು ಮೇಲೆ ನಿಲ್ಲುತ್ತವೆ, ನಡುವೆ ಪೊಳ್ಳು. ಮೇಲೆ ಎರಡಡಿ ಮುರುಮು ಹಾಸಿ ರೋಲರ್ ಹೊಡೆದರೆ ಮೇಲ್ಮೈ ರಸ್ತೆಯಷ್ಟು ಗಟ್ಟಿ. ಗಿರಾಕಿ ಬಂದು ಕಾಲಿಂದ ಒದ್ದು ನೋಡಿ ಖುಷಿಪಡುತ್ತಾನೆ.

ಇಂಥ ಭರ್ತಿ ಎರಡು ಥರ ಕುಸಿಯುತ್ತದೆ. ಒಂದು, ತನ್ನ ತೂಕಕ್ಕೆ ತಾನೇ, ವರ್ಷಗಟ್ಟಲೆ, ಮೊದಲು ಬೇಗ, ಆಮೇಲೆ ನಿಧಾನ. ಇದನ್ನು ಅಂದಾಜು ಮಾಡಬಹುದು. ಇನ್ನೊಂದು ನೀರು ತಾಗಿದಾಗ, ಒಮ್ಮೆಲೇ. ಒಣಗಿದ್ದಾಗ ಹೆಂಟೆಗಳು, ಕಲ್ಲಿನ ಚೂಪು ಮೂಲೆಗಳು ಒಂದಕ್ಕೊಂದು ಆನಿಕೊಂಡು ನಿಂತಿರುತ್ತವೆ. ನೀರು ಹೊಕ್ಕಾಗ ಹೆಂಟೆ ಮೆತ್ತಗಾಗಿ, ಮೂಲೆ ಮುರಿದು ಇಡೀ ರಾಶಿ ಕೂರುತ್ತದೆ. ಕುಟ್ಟದ ಭರ್ತಿ ಹೀಗೆ ಆಳದ ಒಂದೆರಡು ಪ್ರತಿಶತ ಕುಸಿಯುವುದು ಅಪರೂಪವೇನಲ್ಲ. ಹದಿನೈದು ಮೀಟರ್ ಭರ್ತಿಯಲ್ಲಿ ಎರಡು ಪ್ರತಿಶತ ಅಂದರೆ 300 ಮಿ.ಮೀ., ಒಂದಡಿ. ಇಂಗ್ಲೆಂಡಿನ ತೆರೆದ ಕಲ್ಲಿದ್ದಲು ಗಣಿಗಳಲ್ಲೂ ಇದನ್ನೇ ಅಳೆದಿದ್ದಾರೆ: ಗಣಿಯ ಪಂಪು ನಿಲ್ಲಿಸಿದ ಮೇಲೆ ಅಂತರ್ಜಲ ಮೇಲೇರಿತು, ಏರಿದ ಹಾಗೆ ಭರ್ತಿ ಕೂತಿತು. ವಾಘೋಲಿಯಲ್ಲೂ ಖಣಿ ನಡೆಯುವಷ್ಟು ದಿನ ಪಂಪು ನೀರೆತ್ತುತ್ತಿರುತ್ತದೆ. ನಿಂತ ಮೇಲೆ ನೀರು ತನ್ನ ಮಟ್ಟಕ್ಕೆ ಮರಳುತ್ತದೆ. ಒಂದೆರಡು ಮಳೆಗಾಲ ಕಳೆದು ಏನೂ ಆಗಲಿಲ್ಲ ಎಂದು ನಿಶ್ಚಿಂತರಾಗುವ ಹಾಗಿಲ್ಲ, ಏಕೆಂದರೆ ಮೇಲಿನ ನೀರು ಒಳಗಿಳಿಯದಂತೆ ಕಾಂಕ್ರೀಟು ಹಾಸಿದ ಕಡೆ ಭರ್ತಿ ಬಹಳ ಕಾಲ ಒಣಗಿಯೇ ಇದ್ದು, ಮುಂದೊಂದು ದಿನ ಚರಂಡಿ ಪೈಪು ಒಡೆದಾಗ ಮೊದಲ ಸಲ ನೆನೆಯಬಹುದು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಹೌಸಿಂಗ್ ಸೊಸೈಟಿಗಳಲ್ಲಿ ಮಳೆನೀರು ಇಂಗಿಸುವ ಗುಂಡಿಗೆ ಎಲ್ಲರ ಒತ್ತಾಯವಿದೆ, ಸರಿಯಾದದ್ದೇ. ಆದರೆ ತುಂಬಿದ ಖಣಿಯ ಮೇಲೆ ಇಂಗುಗುಂಡಿ ತೋಡುವುದೆಂದರೆ ಟೆರೇಸಿನ ನೀರನ್ನೆಲ್ಲ ಹುಡುಕಿ ತಂದು ಭರ್ತಿಗೆ ಕುಡಿಸಿದಂತೆ. ಅಂಥ ಕಡೆ ನೀರನ್ನು ತೊಟ್ಟಿಯಲ್ಲಿ ಹಿಡಿದು ಬಳಸಬೇಕು. ಇಲ್ಲವೇ ಭರ್ತಿಯುದ್ದಕ್ಕೂ ತೂತಿಲ್ಲದ ಕೇಸಿಂಗ್ ಇಳಿಸಿ, ತಳದ ಬಂಡೆಯೊಳಗೆ ಮಾತ್ರ ನೀರು ಬಿಡುವ ಬೋರ್ ಮಾಡಬೇಕು. ಖಣಿ ದಾಖಲೆ ಇಲ್ಲದಿದ್ದರೆ ಈ ವ್ಯತ್ಯಾಸ ಮಾಡುವುದು ಹೇಗೆ? ಎಲ್ಲ ಸೊಸೈಟಿಗಳಿಗೂ ಒಂದೇ ನಕ್ಷೆ ಹೋಗುತ್ತದೆ.

ದಾಖಲೆ ಬರುವವರೆಗೆ ಕೊಳ್ಳುವವರು ತಾವೇ ಏನು ನೋಡಬಹುದು ಎಂಬುದನ್ನೂ ಬರೆಯುತ್ತೇವೆ. ಮೊದಲು 7/12 ಉತಾರೆ. ನಮ್ಮ ಕಡೆಯ ಪಹಣಿ ಓದಿದವರಿಗೆ ಇದು ಕಷ್ಟವಲ್ಲ, ಲಿಪಿ ಮಾತ್ರ ದೇವನಾಗರಿ. ಫ್ಲಾಟಿನ ಕಟ್ಟಡ ನಿಂತ ಗಟ್ ನಂಬರಿನ ಇಂದಿನ ಉತಾರೆ ಸಾಲದು. ಹಿಂದಿನ ಉತಾರೆಗಳು, ಫೇರ್‌ಫಾರ್ ನೋಂದುಗಳು (ಹಕ್ಕು ಬದಲಾವಣೆಯ ದಾಖಲೆಗಳು) ಬೇಕು. 'ಇತರ ಹಕ್ಕು' ಅಂಕಣದಲ್ಲಿ ಗೌಣ ಖನಿಜದ ದಂಡ, ರಾಜಧನದ ಬಾಕಿ ಎಂದು ಬೋಜಾ (ಋಣಭಾರ) ಏರಿದ್ದರೆ ಅಲ್ಲಿ ಕಲ್ಲೋ ಮುರುಮೋ ತೆಗೆದಿದ್ದಾರೆ ಎಂದೇ ಅರ್ಥ. ಪರವಾನಿಗೆ ಇಲ್ಲದೆ ತೆಗೆದದ್ದಕ್ಕೆ ಮಹಾರಾಷ್ಟ್ರ ಭೂಕಂದಾಯ ಸಂಹಿತೆ 1966ರ 48(7) ಕಲಮಿನಡಿ ಮಾರುಕಟ್ಟೆ ಬೆಲೆಯ ಐದು ಪಟ್ಟಿನವರೆಗೆ ದಂಡವಿದೆ, ಅದು ಕಂದಾಯದ ಬಾಕಿಯಾಗಿ ಜಮೀನಿನ ಮೇಲೆ ಕೂರುತ್ತದೆ. ಬಾಕಿ ಕಟ್ಟಿದ ಮೇಲೆ ಬೋಜಾ ಇಳಿದಿರುತ್ತದೆ, ಅದಕ್ಕೇ ಹಳೆಯ ನೋಂದು ನೋಡಬೇಕು ಎಂದದ್ದು. ಪೋಟ್‌ಖರಾಬು (ಸಾಗುವಳಿಗೆ ಬಾರದ ಭಾಗ) ಹೆಚ್ಚಿದ್ದರೆ ಕಾರಣ ಕೇಳಿ. ಬರಿ ಬಂಡೆಯಿರಬಹುದು, ಹೊಂಡವೂ ಇರಬಹುದು.

ಎರಡನೆಯದು ಹಳೆಯ ಉಪಗ್ರಹ ಚಿತ್ರಗಳು. ಗೂಗಲ್ ಅರ್ಥ್‌ನಲ್ಲಿ ಕಾಲದ ಪಟ್ಟಿಯನ್ನು ಹಿಂದಕ್ಕೆ ಎಳೆದರೆ ನಿವೇಶನದ ಹಳೆಯ ರೂಪ ಕಾಣುತ್ತದೆ. ಇಲ್ಲಿ ಹೊಸಬರು ಮುಗ್ಗರಿಸುವುದು ಗುಡ್ಡೆ ಮತ್ತು ಹೊಂಡದ ನಡುವೆ. ಚಳಿಗಾಲದ ಬೆಳಗಿನ ಚಿತ್ರವಾದರೆ ಸೂರ್ಯ ಆಗ್ನೇಯಕ್ಕಿರುತ್ತಾನೆ. ಖಡಿಯ ಗುಡ್ಡೆಯಾದರೆ ನೆರಳು ಅದರ ವಾಯವ್ಯಕ್ಕೆ, ಹೊರಗೆ ಬೀಳುತ್ತದೆ. ಹೊಂಡವಾದರೆ ನೆರಳು ಆಗ್ನೇಯದ ಅಂಚಿಗೆ ಅಂಟಿಕೊಂಡು ಒಳಗಿರುತ್ತದೆ. ಜೂನ್ ಮುಂಚಿನ ಚಿತ್ರವನ್ನೂ ಅಕ್ಟೋಬರ್ ನಂತರದ ಚಿತ್ರವನ್ನೂ ಜೊತೆಗಿಟ್ಟು ನೋಡಿ, ಹೊಂಡವಾದರೆ ಎರಡನೆಯದರಲ್ಲಿ ಹಸಿರೋ ಕಪ್ಪೋ ನೀರು ನಿಂತಿರುತ್ತದೆ. ಯಾವ ವರ್ಷದ ಚಿತ್ರದಲ್ಲಿ ಹೊಂಡ ಮಾಯವಾಯಿತು ಎಂದು ಗುರುತು ಹಾಕಿಕೊಂಡರೆ ಭರ್ತಿಯ ವಯಸ್ಸು ಸಿಕ್ಕಿತು. ಚಿತ್ರವನ್ನು ದಿನಾಂಕದ ಸಮೇತ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಬಿಲ್ಡರನ ಮಣ್ಣು ಪರೀಕ್ಷೆಯ ವರದಿ. ಕೇಳಿದರೆ ಕೊಡುತ್ತಾರೆ, ಕೊಡದವರನ್ನು ಬಿಡಬಹುದು. ಕೊನೆಯ ಪುಟದ ತೀರ್ಮಾನವಲ್ಲ, ಬೋರ್‌ಲಾಗ್ ಹಾಳೆಗಳನ್ನು, ಅಂದರೆ ಕೊರೆದಾಗ ಯಾವ ಆಳದಲ್ಲಿ ಏನು ಸಿಕ್ಕಿತು ಎಂಬ ದಾಖಲೆಯನ್ನು ಓದಬೇಕು. ಖಣಿಭರ್ತಿಯಲ್ಲಿ ದೊಡ್ಡ ಮೋಸ ಮಾಡುವುದು ಎಸ್‌ಪಿಟಿ ಅಂಕಿ, ಅಂದರೆ ಕೊಳವೆಯೊಂದನ್ನು ನೆಲದೊಳಗೆ ಬಡಿದಿಳಿಸಲು ಬೇಕಾದ ಪೆಟ್ಟುಗಳ ಲೆಕ್ಕ. ಪರೀಕ್ಷೆಯ ಕೊಳವೆ ಭರ್ತಿಯೊಳಗಿನ ಒಂದು ಬಂಡೆಗೆ ತಾಗಿದರೆ ಐವತ್ತು ಪೆಟ್ಟಿಗೂ ಇಳಿಯುವುದಿಲ್ಲ, ಹಾಳೆಯಲ್ಲಿ 'ಗಟ್ಟಿ ಸ್ತರ' ಎಂದು ಬೀಳುತ್ತದೆ. ಆ ಬಂಡೆಯ ಕೆಳಗೆ ಇನ್ನೂ ಹತ್ತು ಮೀಟರ್ ಕಸ ಇರಬಹುದು. ಅದಕ್ಕಾಗಿ ಕೋರ್ ಡ್ರಿಲ್ಲಿಂಗ್ ಬೇಕು, ಬಂಡೆ ಸಿಕ್ಕ ಮೇಲೂ ಎಡೆಬಿಡದೆ ಕನಿಷ್ಠ ಮೂರು ಮೀಟರ್, ಖಣಿ ಇದ್ದ ಜಾಗದಲ್ಲಿ ಐದು ಮೀಟರ್ ಒಳಹೋಗಬೇಕು. ಎರಡು ಅಂಕಣ ನೋಡಿ: ಕೋರ್ ರಿಕವರಿ, ಅಂದರೆ ಕೊರೆದ ಉದ್ದದಲ್ಲಿ ಎಷ್ಟು ಪ್ರತಿಶತ ಕಲ್ಲು ಕೈಗೆ ಬಂತು, ಆರ್‌ಕ್ಯೂಡಿ, ಅಂದರೆ ಹತ್ತು ಸೆಂ.ಮೀ.ಗಿಂತ ಉದ್ದದ ತುಂಡುಗಳು ಸೇರಿ ಎಷ್ಟು ಪ್ರತಿಶತ. ಮೊದಲ ಒಂದೂವರೆ ಮೀಟರ್ ಚೆನ್ನಾಗಿ ಬಂದು ಆಮೇಲೆ ಎರಡೂ ಅಂಕಿ ಒಮ್ಮೆಲೇ ನೆಲಕಚ್ಚಿದ್ದರೆ ಅದು ತಳದ ಬಂಡೆಯಲ್ಲ, ಒಂಟಿ ಕಲ್ಲಿರಬಹುದು. ಕೊರೆಯುವಾಗ ಬಿಟ್ಟ ನೀರು ಮೇಲೆ ಬರದೆ ಒಳಗೇ ಹೋಯಿತು ಎಂದು ಬರೆದಿದ್ದರೆ ಅಲ್ಲಿ ಪೊಳ್ಳೋ ಬಿರುಕೋ ಇದೆ. ಇಷ್ಟು ಬರೆಯದ ಬೋರ್‌ಲಾಗನ್ನು ನಾವಂತೂ ನಂಬುವುದಿಲ್ಲ. ಹೊಂಡದ ಗೋಡೆ ನೆಟ್ಟಗಿರುವುದರಿಂದ ಐದು ಮೀಟರ್ ಅಂತರದ ಎರಡು ಬೋರುಗಳಲ್ಲಿ ಬಂಡೆಯ ಆಳ ಎರಡು ಮೀಟರ್ ಒಂದರಲ್ಲಿ, ಹದಿನೆಂಟು ಇನ್ನೊಂದರಲ್ಲಿ ಬರಬಹುದು. ಟವರಿನ ನಾಲ್ಕು ಮೂಲೆಗೆ ನಾಲ್ಕು ಬೋರು ಹಾಕಿ ಕೈತೊಳೆದುಕೊಂಡರೆ ಅಂಚು ಎಲ್ಲಿ ಹಾಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ಟವರ್ ಬೀಳುತ್ತದೆ ಎಂದು ಹೆದರಿಸುವುದು ನಮ್ಮ ಉದ್ದೇಶವಲ್ಲ. ಕೊರೆದ ಪೈಲುಗಳು (ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳು) ತಳದ ಬಂಡೆಯೊಳಗೆ ಸರಿಯಾಗಿ ಕೂತಿದ್ದರೆ ಟವರ್ ಗಟ್ಟಿಯಾಗಿಯೇ ನಿಲ್ಲುತ್ತದೆ. ಒಂದು ಷರತ್ತು: ಭರ್ತಿಯು ಪೈಲಿಗೆ ಆಸರೆ ಎಂದು ಲೆಕ್ಕ ಹಿಡಿಯಬಾರದು. ಭರ್ತಿ ಕೆಳಗಿಳಿಯುವಾಗ ಪೈಲಿಗೆ ಜೋತುಬಿದ್ದು ಅದನ್ನೂ ಕೆಳಕ್ಕೆ ಎಳೆಯುತ್ತದೆ, ಹಾಗಾಗಿ ಅದು ಹೊರೆಯ ಕಡೆಗೆ ಸೇರಬೇಕು. ಡಿಸೈನ್ ಮಾಡುವವರಿಗೆ ಇದು ಗೊತ್ತಿರುವ ವಿಷಯ, ಪೈಲುಗಳ ಭಾರತೀಯ ಮಾನಕ ಐಎಸ್ 2911ರಲ್ಲೂ ಇದೆ. ಆದರೆ ಅಡಿಯಲ್ಲಿ ಭರ್ತಿ ಇದೆ ಎಂದು ಅವರಿಗೆ ಯಾರಾದರೂ ಹೇಳಿರಬೇಕಲ್ಲ.

ಕೆಡುವುದು ಟವರಲ್ಲ, ಅದರ ಸುತ್ತಲಿನದು. ಟವರ್ ಬಂಡೆಯ ಮೇಲೆ ನಿಂತಿದೆ, ಪಕ್ಕದ ನೆಲ ಇಳಿಯುತ್ತಿದೆ. ಮೊದಲು ಪ್ಲಿಂತಿನ ಸುತ್ತ ಬೆರಳು ತೂರುವಷ್ಟು ಬಿರುಕು, ಆಮೇಲೆ ಹಾಸುಗಲ್ಲು ಒಳಕ್ಕೆ ವಾಲುತ್ತದೆ, ಲಿಫ್ಟಿನ ಲಾಬಿಗೆ ಏರುವಲ್ಲಿ ಹೊಸದಾಗಿ ಒಂದು ಮೆಟ್ಟಿಲು ಹುಟ್ಟುತ್ತದೆ. ಕಟ್ಟಡದಿಂದ ಹೊರಬರುವ ಪೈಪುಗಳು ಗೋಡೆ ದಾಟಿದ ಜಾಗದಲ್ಲೇ ಕತ್ತರಿಸಿಹೋಗುತ್ತವೆ, ಒಂದು ತುದಿ ಕಟ್ಟಡಕ್ಕೆ ಬಿಗಿದಿದೆ, ಇನ್ನೊಂದು ನೆಲದ ಜೊತೆ ಇಳಿಯುತ್ತದೆ. ಒಳಚರಂಡಿಯ ಇಳಿಜಾರು ತಿರುಗಿ ಚೇಂಬರ್ ಉಕ್ಕುತ್ತದೆ. ಸೋರಿದ ನೀರು ಭರ್ತಿಗೆ ಇಳಿಯುತ್ತದೆ, ಭರ್ತಿ ಇನ್ನಷ್ಟು ಕೂರುತ್ತದೆ, ಪೈಪು ಇನ್ನಷ್ಟು ಬಾಯಿ ಬಿಡುತ್ತದೆ. ಪೈಲಿಲ್ಲದೆ ನಿಂತ ಕ್ಲಬ್‌ಹೌಸ್, ಕಾಂಪೌಂಡ್ ಗೋಡೆ, ನೆಲದಡಿಯ ನೀರಿನ ತೊಟ್ಟಿ, ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ), ಟ್ರಾನ್ಸ್‌ಫಾರ್ಮರ್ ಕಟ್ಟೆ ಇವೇ ಹೆಚ್ಚು ಪೆಟ್ಟು ತಿನ್ನುವವು, ಅದರಲ್ಲೂ ಅರ್ಧ ಬಂಡೆಯ ಮೇಲೆ ಅರ್ಧ ಭರ್ತಿಯ ಮೇಲೆ ಕೂತವು. ಮೊದಲೇ ಗೊತ್ತಿದ್ದರೆ ಪರಿಹಾರ ದುಬಾರಿಯಲ್ಲ: ಪೈಪುಗಳನ್ನು ನೆಲಕ್ಕೆ ಹೂಳದೆ ಸ್ಲ್ಯಾಬಿಗೆ ತೂಗುಹಾಕುವುದು, ಗೋಡೆ ದಾಟುವಲ್ಲಿ ದೊಡ್ಡ ಸ್ಲೀವ್ ಮತ್ತು ಬಾಗುವ ಜೋಡಣೆ, ಚರಂಡಿಗೆ ಬೇಕಾದ್ದಕ್ಕಿಂತ ಹೆಚ್ಚು ಇಳಿಜಾರು, ತೊಟ್ಟಿ ಮತ್ತು ಎಸ್‌ಟಿಪಿಯನ್ನೂ ಪೈಲಿನ ಮೇಲೆ ಕೂರಿಸುವುದು. ಗೊತ್ತಿಲ್ಲದೆ ಕಟ್ಟಿ ಆಮೇಲೆ ಸಿಮೆಂಟ್ ಗ್ರೌಟ್ ಹೊಡೆಯುತ್ತ ಕೂತರೆ ಅದು ಮುಗಿಯುವ ಖರ್ಚಲ್ಲ.

ಈಗಾಗಲೇ ವಾಸವಿರುವವರು ಅಳತೆ ಇಡಲು ಶುರುಮಾಡಬೇಕು. ದುಬಾರಿ ಉಪಕರಣ ಬೇಡ, ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು ಸಾಕು, ಒಳಗೆ ಗಾಳಿಗುಳ್ಳೆ ಇರಬಾರದು. ಟವರಿನ ಒಂದು ಕಂಬದ ಮೇಲೆ ಬಣ್ಣದ ಗೆರೆ ಎಳೆದು ಅದನ್ನೇ ಆಧಾರ ಹಿಡಿಯಿರಿ. ಕಾಂಪೌಂಡ್ ಗೋಡೆಯನ್ನು ಆಧಾರ ಮಾಡಿಕೊಂಡರೆ ಅದೇ ಇಳಿಯುತ್ತಿರುತ್ತದೆ, ಅಳತೆ ವ್ಯರ್ಥ. ಚೇಂಬರ್ ಮುಚ್ಚಳ, ತೊಟ್ಟಿಯ ಮೂಲೆ, ಗೋಡೆಯ ಬುಡ ಹೀಗೆ ಹತ್ತು ಹನ್ನೆರಡು ಬಿಂದುಗಳನ್ನು ಮೂರು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಬಿರುಕಿನ ಮೇಲೆ ಪಿಒಪಿ ತೇಪೆ ಹಾಕಿ ದಿನಾಂಕ ಬರೆದರೆ, ಬಿರುಕು ಜೀವಂತವಾಗಿದ್ದಲ್ಲಿ ತೇಪೆ ಸೀಳುತ್ತದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3) ಕಲಮಿನಡಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದ ದೋಷವನ್ನು ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಮತ್ತು ಅದು ಕಟ್ಟಡದ ರಚನೆಗೆ ಮಾತ್ರವಲ್ಲ, ಕೆಲಸದ ಗುಣಮಟ್ಟ, ಸೇವೆಗಳಿಗೂ ಅನ್ವಯ. ಆದರೆ ಹೊರಗಿನ ನೆಲ ತಾನಾಗಿ ಇಳಿಯಿತು ಎಂಬ ವಾದ ಬರುತ್ತದೆ. ಆಗ ಮಾತಿಗಿಂತ ಅಳತೆಯ ಪುಸ್ತಕ ಕೆಲಸಕ್ಕೆ ಬರುತ್ತದೆ.

ಕಸದಿಂದ ತುಂಬಿದ ಹೊಂಡಗಳದು ಬೇರೆಯೇ ಅಧ್ಯಾಯ. ಹಸಿ ಕಸ ಕೊಳೆತಾಗ ಮೀಥೇನ್ ಹುಟ್ಟಿ ನೆಲದಡಿಯ ಚೇಂಬರುಗಳಲ್ಲಿ, ಲಿಫ್ಟ್ ಗುಂಡಿಯಲ್ಲಿ ಸೇರುತ್ತದೆ. ಮುಚ್ಚಿದ ಕಸದ ಭರ್ತಿಯನ್ನು ಹದಿನೈದು ವರ್ಷ ನಿಗಾದಲ್ಲಿಟ್ಟು, ಅನಿಲ ಮತ್ತು ಕೊಳೆನೀರಿನ ಪರೀಕ್ಷೆ ಸರಿಬಂದ ಮೇಲಷ್ಟೇ ವಸತಿಗೆ ಯೋಚಿಸಬಹುದು ಎಂದು ಘನತ್ಯಾಜ್ಯ ನಿಯಮಗಳು ಹೇಳುತ್ತ ಬಂದಿವೆ. ಅಧಿಕೃತ ಕಸದ ಭರ್ತಿಗೆ ಈ ಕಟ್ಟುಪಾಡು. ರಾತ್ರೋರಾತ್ರಿ ತುಂಬಿದ ಹೊಂಡಕ್ಕೆ ಯಾರು ಕಾವಲು?

ಇನ್ನೂ ತುಂಬದ ಹೊಂಡಗಳ ನೀರಿನ ಬಗ್ಗೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಅಳತೆ ಹಿಡಿದರೆ ನಾಲ್ಕು ಜನರ 500 ಮನೆಗಳ ಸೊಸೈಟಿಗೆ 2.7 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 27 ಟ್ಯಾಂಕರ್. ಎಕರೆ ವಿಸ್ತಾರಕ್ಕೆ ಹತ್ತು ಮೀಟರ್ ನೀರು ನಿಂತ ಖಣಿಯಲ್ಲಿ ಅಂಥ 4,000 ಟ್ಯಾಂಕರ್ ನೀರಿರುತ್ತದೆ. ಟ್ಯಾಂಕರಿನವರ ಕಣ್ಣು ಅಲ್ಲಿಗೆ ಹೋಗುವುದು ಸಹಜ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಸುತ್ತಲಿನ ಬಡಾವಣೆಗಳ ಚರಂಡಿ ಇಳಿಯುವ ತಗ್ಗು ಅದೇ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ ಜಿಬಿಎಸ್ (ಗಿಯಾನ್-ಬಾರೆ) ಎಂಬ ನರಗಳ ಕಾಯಿಲೆ ಹಬ್ಬಿದಾಗ, ಪಾಲಿಕೆಗೆ ಹೊಸದಾಗಿ ಸೇರಿದ ಹಳ್ಳಿಗಳ ನೀರಿನ ಸ್ಥಿತಿ ಎಲ್ಲರಿಗೂ ಗೊತ್ತಾಯಿತು. ಖಣಿನೀರನ್ನು ತೋಟಕ್ಕೆ, ಫ್ಲಶ್ಶಿಗೆ, ಕಟ್ಟಡದ ಕ್ಯೂರಿಂಗಿಗೆ ಬಳಸಲಿ, ಸಂತೋಷ. ಅಡುಗೆಮನೆಯ ನಲ್ಲಿಗೆ ಬಿಡುವುದಾದರೆ ಕುಡಿಯುವ ನೀರಿನ ಮಾನಕ ಐಎಸ್ 10500ರ ಪರೀಕ್ಷೆ ಬೇಕು: ನೂರು ಮಿ.ಲೀ.ನಲ್ಲಿ ಈ-ಕೋಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಸೊಸೈಟಿಗಳು ಟಿಡಿಎಸ್ (ಕರಗಿದ ಲವಣಗಳ) ಮೀಟರ್ ಮುಳುಗಿಸಿ 400 ಬಂತು, ನೀರು ಒಳ್ಳೆಯದು ಎಂದು ತೀರ್ಮಾನಿಸುವುದನ್ನು ನಿಲ್ಲಿಸಬೇಕು. ಆ ಮೀಟರಿಗೆ ಕ್ರಿಮಿ ಕಾಣುವುದಿಲ್ಲ.

ಹೊಂಡದ ಅಂಚಿನ ಬಗ್ಗೆ ಎರಡು ಮಾತು. ಗಟ್ಟಿ ಕಲ್ಲಿನಲ್ಲಿ ಒಂದು ಮೆಟ್ಟಿಲಿನ ಎತ್ತರ ಆರು ಮೀಟರ್ ಮೀರಬಾರದು ಎಂದು ಗಣಿ ನಿಯಮ (1961) ಹೇಳುತ್ತದೆ. ಕೊನೆಕೊನೆಗೆ ಮೆಟ್ಟಿಲನ್ನೂ ಕಡಿದು ಮಾರಿದ ಖಣಿಗಳಲ್ಲಿ ಗೋಡೆ ಒಂದೇ ನೇರಕ್ಕೆ ಇಪ್ಪತ್ತು ಮೀಟರ್ ಇಳಿದಿರುತ್ತದೆ. ಸಿಡಿಮದ್ದಿನ ಏಟಿಗೆ ಅಂಚಿನ ಹಿಂದಿನ ಬಂಡೆಯೂ ಬಿರಿದಿರುತ್ತದೆ. ಲಾವಾ ಪದರಗಳ ನಡುವೆ ಕೆಂಪು ಮಣ್ಣಿನಂಥ ತೆಳು ಪಟ್ಟಿ ಕಾಣಿಸಿದರೆ ಇನ್ನೂ ಎಚ್ಚರ, ಬಿಸಿಲು ಮಳೆಗೆ ಅದು ಉದುರಿ ಮೇಲಿನ ಬಂಡೆಗೆ ಕಾಲಿಲ್ಲದಂತಾಗುತ್ತದೆ. ವಿವರವಾದ ಪರಿಶೀಲನೆ ಆಗುವವರೆಗೆ ಹೊಂಡದ ಆಳದಷ್ಟಾದರೂ ದೂರ ಬಿಟ್ಟು ಕಟ್ಟಬೇಕು ಎಂಬುದು ನಮ್ಮ ಅಭಿಪ್ರಾಯ. ಬೇಲಿಯನ್ನು ಅಂಚಿಗೇ ಹಾಕುತ್ತಾರೆ, ಮೊದಲ ಕುಸಿತಕ್ಕೆ ಬೇಲಿಯೇ ಒಳಗೆ ಹೋಗುತ್ತದೆ. ಮೂರು ಮೀಟರ್ ಹಿಂದೆ, ಆಳೆತ್ತರದ ಚೈನ್‌ಲಿಂಕ್ ಇರಲಿ. ಈಜಲು ಇಳಿದ ಹುಡುಗರಿಗೆ ಮೇಲೆ ಬರಲು ಇರುವುದು ಲಾರಿ ಇಳಿಯುತ್ತಿದ್ದ ಒಂದೇ ದಾರಿ. ಉಳಿದ ಮೂರು ಕಡೆ ಗೋಡೆ, ಪಾಚಿ. ಆ ದಾರಿಯನ್ನು ಬಂಡೆ ಸುರಿದು ಪೂರ್ತಿ ಮುಚ್ಚಿಬಿಟ್ಟರೆ ಅಗ್ನಿಶಾಮಕದವರಿಗೂ ಇಳಿಯಲಾಗುವುದಿಲ್ಲ. ಬೀಗದ ಗೇಟು ಹಾಕಿ, ಅಂಚಿನಲ್ಲಿ ಹಗ್ಗ, ಟ್ಯೂಬು ತೂಗುಹಾಕಬೇಕು.

ಖಣಿ ದಾಖಲೆ ಮಾಡುವುದು ಹೇಗೆ? ಗಣಿ ವಿಭಾಗದ ಪರವಾನಿಗೆ ಪಟ್ಟಿ, ಗಾವ್ ನಕಾಶೆ (ಗ್ರಾಮದ ನಕ್ಷೆ), ವರ್ಷವಾರು ಉಪಗ್ರಹ ಚಿತ್ರ ಮೂರನ್ನೂ ಗಟ್ ನಂಬರಿನ ಮೇಲೆ ಕೂಡಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಭಾಗ ಜನರ ನೆನಪಿನಲ್ಲಿದೆ. ಯಾವ ಖಣಿ ಎಷ್ಟು ಆಳ ಹೋಯಿತು, ಎಲ್ಲಿ ನೀರಿನ ಸೆಲೆ ಒಡೆಯಿತು, ಯಾವ ವರ್ಷ ಯಾವ ಮೂಲೆಯಿಂದ ತುಂಬಲು ಶುರುಮಾಡಿದರು ಎಂದು ಹೇಳಬಲ್ಲವರು ಅಲ್ಲಿ ಸುತ್ತಿಗೆ ಹಿಡಿದವರು, ಡ್ರಿಲ್ ಹೊಡೆದವರು, ಡಂಪರ್ ಓಡಿಸಿದವರು. ಅವರಲ್ಲಿ ಎಷ್ಟೋ ಜನರಿಗೆ ಕನ್ನಡ ಸಲೀಸು, ಮರಾಠಿಯ ಸರ್ಕಾರಿ ಫಾರ್ಮು ಕಷ್ಟ. ಪುಣೆಯ ಕನ್ನಡ ಸಂಘಗಳು ರಾಜ್ಯೋತ್ಸವದ ಹಾಡು ಕುಣಿತಕ್ಕೆ ಕೊಡುವ ಉತ್ಸಾಹದಲ್ಲಿ ಸ್ವಲ್ಪವನ್ನು ಇದಕ್ಕೆ ಕೊಡಬಹುದು: ಹಳೆಯ ಖಣಿ ಕಾರ್ಮಿಕರ ಮನೆಗೆ ಹೋಗಿ, ಗಾವ್ ನಕಾಶೆ ಹರಡಿ, ಅವರು ತೋರಿಸಿದ ಜಾಗ ಗುರುತುಹಾಕಿ, ಹೇಳಿದ್ದನ್ನು ಬರೆದುಕೊಂಡು ಪಾಲಿಕೆಗೆ ಕೊಡುವುದು. ಪರವಾನಿಗೆಯ ಪಟ್ಟಿಯಲ್ಲಿಲ್ಲದ ಹೊಂಡಗಳು ಹೊರಬರುವುದು ಈ ದಾರಿಯಿಂದಲೇ. ಈ ಕುಟುಂಬಗಳಲ್ಲಿ ಕೆಲವು ಇನ್ನೂ ಖಣಿ ಅಂಚಿನ ಶೆಡ್ಡುಗಳಲ್ಲೇ ಇವೆ. ಹೊಂಡ 'ಪ್ಲಾಟ್' ಆದ ದಿನ ಮೊದಲು ಎಬ್ಬಿಸುವುದು ಅವರನ್ನೇ. ದಾಖಲೆಯಲ್ಲಿ ಅಂಚಿನ ಮನೆಗಳನ್ನೂ ಗುರುತಿಸಬೇಕು.

ತೆರೆದ ಹೊಂಡಗಳ ಆಳ ಅಳೆಯಲು ಡ್ರೋನ್ ಒಂದೇ ಸಾಲದು, ನೀರಿನ ಮೇಲ್ಮೈಗೆ ಅದರ ನೋಟ ನಿಲ್ಲುತ್ತದೆ. ದೋಣಿಯಲ್ಲಿ ಹೋಗಿ ಹತ್ತು ಮೀಟರಿಗೊಂದು ಕಡೆ, ಮೀಟರ್ ಗುರುತು ಹಾಕಿದ ಹಗ್ಗಕ್ಕೆ ತೂಕ ಕಟ್ಟಿ ಇಳಿಸಿದರೂ ಆದೀತು. ಮೈಮೇಲೆ ಲೈಫ್ ಜಾಕೆಟ್, ದಡದಲ್ಲಿ ಇಬ್ಬರು ಇರಲಿ. ನೀರು ಅತಿ ಕಡಿಮೆ ಇರುವ ಏಪ್ರಿಲ್–ಮೇ ತಿಂಗಳಲ್ಲೇ ಇದು ಆಗಬೇಕು. ಅಲ್ಲಿಯವರೆಗೆ, ಅಳತೆ ಆಗದ ಯಾವ ಖಣಿಯನ್ನೂ ತುಂಬಲು ಪಾಲಿಕೆ ಅನುಮತಿ ಕೊಡಬಾರದು ಎಂದು ಕೋರುತ್ತೇವೆ.

ಇಂತಿ,
ನಗರ ರಸ್ತೆ ಪರಿಸರದ ಕೆಲವು ಕನ್ನಡಿಗ ಸಿವಿಲ್ ಎಂಜಿನಿಯರುಗಳು ಮತ್ತು ಖಣಿ ಮೇಲ್ವಿಚಾರಕರು
ಪುಣೆ